ಎತ್ತಬಾರದ ರಿಂಗು

ಅಚ್ಚುಕೂಟ ಊರು ಬಿಟ್ಟು ಹೋಯಿತು. ಅದರ ಹಳೇ ಕಂಪ್ಯೂಟರು ಮಾತ್ರ ಸೊಸೆಯ ಬೆನ್ನು ಹತ್ತಿ ಮನೆಗೆ ಬಂತು.

ಮದುವೆಯಾದ ಮರುವರ್ಷದಿಂದ ಅವಳು ಅಲ್ಲಿ ಪುಟ ಟೈಪು ಮಾಡುತ್ತಿದ್ದಳು. ಶಾಲಾ ಮಕ್ಕಳ ಗೈಡು, ಪ್ರಶ್ನೆಪತ್ರಿಕೆ, ಒಮ್ಮೊಮ್ಮೆ ಯಾರೂ ಓದದ ಯಾರದೋ ಆತ್ಮಕಥೆ. ಮಾಲೀಕ ದೂರದ ದೊಡ್ಡ ಊರಿಗೆ ಯಂತ್ರಗಳನ್ನು ಸಾಗಿಸುವಾಗ ಹಳದಿ ತಿರುಗಿದ ಈ ಪೆಟ್ಟಿಗೆಯನ್ನು ಲಾರಿಗೆ ಹತ್ತಿಸಲಿಲ್ಲ.

“ಇದನ್ನ ನೀವೇ ತಗೊಂಡ್ಹೋಗಿಯಮ್ಮ. ಮನೇಲಿ ಇಂಟರ್‌ನೆಟ್ ಹಾಕಿಸ್ಕೊಳ್ಳಿ. ಒಂದು ತಿಂಗಳು ನೋಡ್ತೀನಿ. ದಿನಾ ಸಂಜೆ ಯಂತ್ರ ತಿರುಗೋ ಹೊತ್ತಿಗೆ ಪುಟ ನನ್ನ ಕೈ ಸೇರಿದ್ರೆ ಕೆಲಸ ನಿಮ್ದೇ. ಇಲ್ಲಾಂದ್ರೆ ಬೇಜಾರು ಮಾಡ್ಕೋಬೇಡಿ, ಅಲ್ಲೇ ಯಾರನ್ನಾದ್ರೂ ನೋಡ್ಕೋತೀನಿ,” ಎಂದ.

ಬೇಜಾರು ಮಾಡಿಕೊಳ್ಳಬೇಡಿ ಎನ್ನುವವರು ಬೇಜಾರಾಗುವ ಮಾತನ್ನು ಹೇಳಿ ಮುಗಿಸಿಯೇ ಹಾಗೆನ್ನುವುದು. ಅವಳಿಗೆ ಬೇರೆ ಕಸುಬು ಬರುತ್ತಿರಲಿಲ್ಲ. ನಲವತ್ತು ದಾಟಿದ ಟೈಪಿಸ್ಟಿಗೆ ಬಾಗಿಲು ತೆರೆದು ಕೂತ ಅಂಗಡಿ ಊರಲ್ಲಿ ಒಂದೂ ಇರಲಿಲ್ಲ.

ಗಂಡ ನೀರಿನ ಮೀಟರು ಓದುವವನು. ಬೀದಿಯವರೆಲ್ಲ ಅವನನ್ನು ಮೀಟರಪ್ಪ ಎಂದೇ ಕರೆಯುತ್ತಿದ್ದರು. ಇಡೀ ದಿನ ಕಂಡವರ ಮನೆ ಮುಂದೆ ಬಗ್ಗಿ, ಕಬ್ಬಿಣದ ಮುಚ್ಚಳ ಎತ್ತಿ, ಕೆಸರು ಒರೆಸಿ ಅಂಕಿ ಬರೆದುಕೊಳ್ಳುವವನಿಗೆ ಸಂಜೆ ಮನೆಯಲ್ಲಿ ನೆಟ್ಟಗೆ ನಿಂತರೂ ಸೊಂಟ ನೋವು, ಕೂತರೂ ಸೊಂಟ ನೋವು. ಕಂಪ್ಯೂಟರು ಹೊತ್ತು ಒಳಗಿಟ್ಟವನೂ ಅವನೇ.

“ಇದೇನು ಕಂಪ್ಯೂಟರೋ, ಬೀಸೋ ಕಲ್ಲೋ?” ಎಂದು ಉಸಿರು ಬಿಟ್ಟ.

“ಎಲ್ಲಿ ಇಡ್ತೀಯೋ ಅದನ್ನ?” ಅಜ್ಜಿ ಕೇಳಿದಳು. ಅಜ್ಜಿಯೆಂದರೆ ಮೀಟರಪ್ಪನ ತಾಯಿ.

“ಫೋನ್ ಪಕ್ಕ ಇಡಬೇಕಂತೆ.”

“ಫೋನ್ ಪಕ್ಕ ಯಾಕೆ?”

“ಇಂಟರ್‌ನೆಟ್ಟು ಫೋನಿನ ತಂತೀಲೇ ಬರೋದಮ್ಮಾ.”

ಅಜ್ಜಿ ಆಮೇಲೆ ಏನೂ ಕೇಳಲಿಲ್ಲ. ಯಾವುದಕ್ಕೂ ಕೊನೆಯ ಮಾತು ತನ್ನದೇ ಇರಬೇಕೆನ್ನುವವಳು ಅಂದು ಸುಮ್ಮನಾದದ್ದನ್ನು ಯಾರೂ ಗಮನಿಸಲಿಲ್ಲ.

ಮರುದಿನ ರಿಪೇರಿಯವನು ಬಂದ. ಏನು ಕೇಳಿದರೂ ಅವನ ಬಾಯಲ್ಲಿ ಬರುವುದು ಒಂದೇ ಮಾತು, “ಆಗುತ್ತೆ ಮೇಡಂ.” ಪೆಟ್ಟಿಗೆಯ ಬೆನ್ನು ಬಿಚ್ಚಿದಾಗ ಒಳಗಿಂದ ಒಂದು ಮೊರದಷ್ಟು ಧೂಳೂ ಒಂದು ಸತ್ತ ಜಿರಳೆಯೂ ಬಿದ್ದವು. ಅವನು ಜಿರಳೆಯನ್ನು ಕಾಲಿನಿಂದ ಸರಿಸಿ, ಮೋಡೆಮ್ ಎಂಬ ಹಲಗೆಯೊಂದನ್ನು ಒಳಗೆ ಸಿಕ್ಕಿಸಿ, ಫೋನಿನ ತಂತಿಯನ್ನು ಕವಲು ಮಾಡಿ ಒಂದು ತುದಿಯನ್ನು ಅದಕ್ಕೆ ಚುಚ್ಚಿದ.

“ಮನೇಲಿ ಇನ್ನೊಂದು ಫೋನಿದೆಯಾ ಸಾರ್? ಇದೇ ಲೈನಿನದು?”

“ಇದೆ. ಅಪ್ಪ ಹಾಸಿಗೆ ಹಿಡಿದಾಗ ಹಿಂದಿನ ಕೋಣೇಲಿ ಹಾಕ್ಸಿದ್ದು,” ಎಂದ ಮೀಟರಪ್ಪ. “ಅವರು ಹೋದಮೇಲೆ ಅದನ್ನ ಯಾರೂ ಮುಟ್ಟಲ್ಲ. ಅಮ್ಮ ಅದರ ಮೇಲೆ ಕನ್ನಡಕ ಇಟ್ಕೋತಾಳೆ ಅಷ್ಟೆ.”

“ಹಾಗಾದ್ರೆ ತೊಂದ್ರೆ ಇಲ್ಲ.”

ಕಂಪ್ಯೂಟರು ನಂಬರು ಒತ್ತಿತು. ಮೊದಲು ಕೀರಲು, ಆಮೇಲೆ ಗುರ್ರೆನ್ನುವುದು, ಆಮೇಲೆ ಎರಡೂ ಒಟ್ಟಿಗೆ. ಕಾಲೇಜಿಗೆ ಹೊರಟಿದ್ದ ಮೊಮ್ಮಗಳು ಪುಟ್ಟಿ ಬಾಗಿಲಲ್ಲೇ ನಿಂತಳು.

“ಅಯ್ಯೋ, ಯಾವ ಬೆಕ್ಕುಗಳು ಜಗಳ ಆಡ್ತಿರೋದು?”

ಸದ್ದು ನಿಂತಿತು. ತೆರೆಯ ಮೂಲೆಯಲ್ಲಿ ಎರಡು ಪುಟಾಣಿ ಚೌಕಗಳು ಮಿಣುಕಿದವು. “ಆಯ್ತು ಮೇಡಂ,” ಎಂದ ರಿಪೇರಿಯವನು. ಆ ಮಾತನ್ನು ಅವನು ಆ ಮನೆಯಲ್ಲಿ ಇನ್ನೂ ಎಷ್ಟು ಸಲ ಹೇಳಬೇಕಾಗುತ್ತದೆಂದು ಅವನಿಗೂ ಗೊತ್ತಿರಲಿಲ್ಲ.

ಬೆಳಿಗ್ಗೆ ಎಲ್ಲರ ತಿಂಡಿ, ಬುತ್ತಿ, ಬಟ್ಟೆ ಮುಗಿಸಿ ಸೊಸೆ ಟೈಪಿಗೆ ಕೂತರೆ ಮಧ್ಯಾಹ್ನದ ಹೊತ್ತಿಗೆ ಕುತ್ತಿಗೆ ಮರಗಟ್ಟುತ್ತಿತ್ತು. ಸುಮಾರು ನಾಲ್ಕಕ್ಕೆ ಪುಟಗಳನ್ನು ಕಳಿಸಲು ಶುರುಮಾಡುವಳು. ನೀಲಿ ಪಟ್ಟಿ ತೆರೆಯ ಮೇಲೆ ಬಸವನ ಹುಳುವಿನ ಹಾಗೆ ತೆವಳಿ ಅರ್ಧಕ್ಕೆ ಬರುವುದು, ಕೆಲವೊಮ್ಮೆ ಮುಕ್ಕಾಲಿಗೂ ಬರುವುದು. ಅಷ್ಟರಲ್ಲಿ ಚೌಕಗಳು ಆರಿಹೋಗುವವು. ಸಂಪರ್ಕ ಕಡಿದುಹೋಗಿದೆ. ಮತ್ತೆ ನಂಬರು, ಮತ್ತೆ ಬೆಕ್ಕುಗಳ ಜಗಳ, ಮತ್ತೆ ಮೊದಲಿಂದ.

ಮೊದಲ ವಾರ ರಿಪೇರಿಯವನು ತಂತಿ ಬದಲಿಸಿದ. ಎರಡನೇ ವಾರ ಮೋಡೆಮ್ಮನ್ನೇ ಬದಲಿಸಿದ. ಅದೂ ಆಗದಾಗ, “ವೇಗ ಕಮ್ಮಿ ಮಾಡಿದೀನಿ, ಇನ್ನು ಕಡಿಯಲ್ಲ,” ಎಂದ. ವೇಗ ಕಮ್ಮಿಯಾಗಿದ್ದು ನಿಜ. ಕಡಿಯುವುದು ಕಮ್ಮಿಯಾಗಲಿಲ್ಲ. ಮೀಟರಪ್ಪ ಕೆಲಸದ ನಡುವೆ ಫೋನ್ ಆಫೀಸಿಗೆ ಹೋಗಿ ಕೂಗಾಡಿ ಬಂದ. ಲೈನ್‌ಮನ್ ಬಂದು ಕಂಬ ಹತ್ತಿ ಇಳಿದು, “ನಮ್ಮ ಲೈನು ಅಪ್ಪಟ ಚಿನ್ನ. ನಿಮ್ಮ ಪೆಟ್ಟಿಗೆಗೇ ವಯಸ್ಸಾಗಿದೆ,” ಎಂದು ಹೋದ.

ರಾತ್ರಿ ಊಟಕ್ಕೆ ಕೂತಾಗ ಅದೇ ಮಾತು.

“ಇವತ್ತು ಮಾಲೀಕರು ಫೋನ್ ಮಾಡಿದ್ರು,” ಎಂದಳು ಸೊಸೆ. “ಪುಟ ಅರ್ಧ ಬಂದಿದೆ, ಅರ್ಧಂಬರ್ಧ ಪುಸ್ತಕ ಅಚ್ಚು ಹಾಕ್ಲಾ ಅಂತ ಕೇಳಿದ್ರು.”

“ಪೆಟ್ಟಿಗೆ ಕೊಟ್ಟವರು ಅವರೇ ತಾನೆ? ಹಳೇ ಸಾಮಾನು ದಾಟಿಸಿ ಹೊಸ ಸಾಮಾನಿನ ಕೆಲಸ ಕೇಳಿದ್ರೆ?” ಮೀಟರಪ್ಪ ರೇಗಿದ.

“ಹಾಗಂತ ಅವರಿಗೆ ಹೇಳಕ್ಕಾಗುತ್ತೇನ್ರೀ? ತಿಂಗಳು ಮುಗೀಲಿಕ್ಕೆ ಬಂತು.”

“ಅಮ್ಮಾ, ನೀನು ಅದನ್ನ ಬೈಕೊಂಡು ಕೂರ್ತೀಯಲ್ಲ, ಅದಕ್ಕೇ ಸಿಟ್ಟು ಬಂದಿದೆ,” ಎಂದಳು ಪುಟ್ಟಿ. “ಒಂದ್ಸಲ ಮುದ್ದು ಮಾಡಿ ನೋಡು.”

“ನಿನ್ನ ತಲೆ. ತಟ್ಟೆ ತೊಳೆದಿಡು ಹೋಗು.”

ಅಜ್ಜಿ ಬ್ರೆಡ್ಡನ್ನು ಹಾಲಲ್ಲಿ ಅದ್ದುತ್ತ, “ನಮ್ಮ ಫೋನಿಗೂ ಆರೋಗ್ಯ ಸರಿಯಿಲ್ಲ,” ಎಂದಳು.

“ಫೋನಿಗೇನಾಗಿದೆ?”

“ಏನೋಪ್ಪ. ಕಫ ಕಟ್ಟಿದ ಹಾಗೆ ಗೊರಗೊರ ಅನ್ನುತ್ತೆ.”

ಯಾರಿಗಾದರೂ ಆಗಲೇ ತಲೆಗೆ ಹೊಳೆಯಬೇಕಿತ್ತು. ಆದರೆ ದಣಿದವರ ಮನೆಯಲ್ಲಿ ಮುದುಕರ ಮಾತು ಸಾರಿನೊಳಗಿನ ಕರಿಬೇವಿನ ಸೊಪ್ಪಿನ ಹಾಗೆ. ಇರಬೇಕು, ಆದರೆ ಬದಿಗೆ ಸರಿಸಿ ತಿನ್ನುತ್ತಾರೆ.

ಎರಡು ದಿನ ಬಿಟ್ಟು, ನೀಲಿ ಪಟ್ಟಿ ಮುಕ್ಕಾಲಿನಲ್ಲಿ ತೆವಳುತ್ತಿದ್ದಾಗ, ಸೊಸೆ ನೀರು ಕುಡಿಯಲು ಅಡುಗೆಮನೆಗೆ ಎದ್ದಳು. ದಾರಿಯಲ್ಲಿ ಹಿಂದಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅಜ್ಜಿ ಕನ್ನಡಕವನ್ನು ಮಡಿಲಲ್ಲಿಟ್ಟುಕೊಂಡು ಫೋನೆತ್ತಿ ಕಿವಿಗಿಟ್ಟುಕೊಂಡಿದ್ದಳು. ಒಂದು ಕ್ಷಣ ಕೇಳಿದಳು. ಮುಖ ಸಿಂಡರಿಸಿ ಇಟ್ಟಳು. ಮತ್ತೆ ಎತ್ತಿದಳು, ಮತ್ತೆ ಇಟ್ಟಳು.

ಸೊಸೆ ಓಡಿಬಂದು ತೆರೆ ನೋಡಿದಳು. ಚೌಕಗಳು ಆರಿದ್ದವು.

“ಅತ್ತೇ!”

ಆ ಕೂಗಿಗೆ ಪಕ್ಕದ ಮನೆಯ ಕಿಟಕಿಯೂ ತೆರೆಯಿತು.

“ಏನೇ, ಏನಾಯ್ತು?”

“ನೀವು ಫೋನ್ ಎತ್ತಿದ್ರಾ?”

“ಎತ್ತಿ ಇಟ್ಟೆ. ಹಾಗೆ ಮಾಡಿದ್ರೆ ಅದರ ಗಂಟಲು ಸರಿಹೋಗುತ್ತೆ. ಗೊರಗೊರ ನಿಂತು, ಮೊದಲಿನ ಹಾಗೆ ‘ಉಂ’ ಅನ್ನುತ್ತೆ.”

“ದಿನಾ ಎತ್ತಿಡ್ತೀರಾ?”

“ದಿನಾ ಅಂದ್ರೆ, ಜೀವ ಇದೆಯಾ ಅಂತ ನೋಡಬೇಡ್ವಾ?”

ಹಿಂದಿನ ಕೋಣೆಗೆ ಬಂದಿದ್ದ ಸೊಸೆ ಅಲ್ಲೇ ಮಂಚದ ಅಂಚಿಗೆ ಕುಸಿದು ಕೂತಳು. “ಮೂರು ವಾರದಿಂದ ನಾನು ರಿಪೇರಿಯವನ ಜೀವ ತಿಂದೆ, ಇವರು ಆಫೀಸಲ್ಲಿ ಜಗಳ ಮಾಡ್ಕೊಂಡು ಬಂದ್ರು. ಕಳ್ಳ ಮನೇಲೇ ಇದ್ದಾನೆ! ಅತ್ತೆ, ನೀವದನ್ನ ಎತ್ತಿದ ತಕ್ಷಣ ನನ್ನ ಪುಟಗಳು ದಾರೀಲೇ ಸಾಯುತ್ವೆ. ಗೊತ್ತಾ ನಿಮಗೆ? ನನ್ನ ಅನ್ನದ ತಟ್ಟೇನ ದಿನಾ ನೀವೇ ಮಗುಚಿ ಹಾಕ್ತಿದ್ರಿ.”

ಅಜ್ಜಿಯ ಮುಖ ಸಣ್ಣಗಾಯಿತು. “ನನಗೇನು ಗೊತ್ತಮ್ಮ,” ಎಂದಳು.

“ನಿಮಗ್ಯಾರು ಫೋನ್ ಮಾಡೋರಿದಾರೆ ಅಂತ ಅದರ ಜೀವ ನೋಡ್ತೀರಿ?”

ಅಜ್ಜಿ ಮಡಿಲಲ್ಲಿದ್ದ ಕನ್ನಡಕವನ್ನು ಎತ್ತಿ ಫೋನಿನ ಮೇಲಿಟ್ಟಳು. ಸಂಜೆ ಮೀಟರಪ್ಪ ಬಂದು ವಿಷಯ ಕೇಳಿದವನೇ ಇಕ್ಕಳ ತಗೊಂಡು ಹಿಂದಿನ ಕೋಣೆಯ ತಂತಿಯನ್ನು ಕತ್ತರಿಸಿದ. “ಅಪ್ಪನ ಕಾಲದ್ದು. ಇನ್ಯಾಕೆ,” ಎಂದ. ಅಜ್ಜಿ ಅವನ ಕೈಯನ್ನೇ ನೋಡುತ್ತ ನಿಂತಿದ್ದಳು. ಅಂದು ರಾತ್ರಿ ಹಸಿವಿಲ್ಲ ಎಂದು ಹಾಲಷ್ಟೇ ಕುಡಿದಳು.

ಮರುದಿನದಿಂದ ಅವಳು ಮಧ್ಯಾಹ್ನ ಮಲಗುವುದನ್ನು ಬಿಟ್ಟಳು. ನಾಲ್ಕರ ಹೊತ್ತಿಗೆ ಮುಂದಿನ ಕೋಣೆಗೆ ಬಂದು, ಫೋನಿನ ಎದುರಿಗಿನ ಕುರ್ಚಿಯಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುವಳು. ಬೆಳ್ಳುಳ್ಳಿ ಮುಗಿದರೆ ಮಡಿಸಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸುವಳು. ಫೋನನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಪುಟಗಳು ಈಗ ಒಂದೂ ಕಡಿಯದೆ ಹೋಗುತ್ತಿದ್ದವು. ಆದರೆ ಬೆನ್ನ ಹಿಂದೆ ಒಬ್ಬರು ಮಾತಿಲ್ಲದೆ ಕೂತಿದ್ದರೆ ಟೈಪು ಮಾಡುವ ಬೆರಳಿಗೂ ಹಿಂಸೆಯಾಗುತ್ತದೆ.

“ಅತ್ತೆ, ಸಿಟ್ಟಿದ್ರೆ ಬೈದುಬಿಡಿ. ಹೀಗೆ ನನ್ನ ಕಾವಲು ಕಾಯಬೇಡಿ,” ಎಂದಳು ಸೊಸೆ.

“ನಿನ್ನನ್ನ ಯಾರು ಕಾಯ್ತಿದಾರೆ? ನೀನು ನಿನ್ನ ಕೆಲಸ ನೋಡು.”

ಒಂದು ಮಧ್ಯಾಹ್ನ ಕರೆಂಟು ಹೋಯಿತು. ತೆರೆ ಕಪ್ಪಾಯಿತು. ಸೊಸೆ ಹಣೆ ಹಿಡಿದುಕೊಂಡು, “ಸರಿ, ಇವತ್ತಿನ ಗ್ರಹಚಾರ ಇದು,” ಎನ್ನುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ಅವಳು ಕೈ ಚಾಚಿದಳು.

“ಎತ್ತಬೇಡ!”

ಅಜ್ಜಿಯ ಗಂಟಲಿಂದ ಅಂಥ ದನಿ ಅವಳೆಂದೂ ಕೇಳಿರಲಿಲ್ಲ. ಕೈ ಗಾಳಿಯಲ್ಲೇ ನಿಂತಿತು. ಫೋನು ಒಂದೇ ಒಂದು ಸಲ ಬಡಿದು ಸುಮ್ಮನಾಯಿತು.

ಸೊಸೆ ತಿರುಗಿ ನೋಡಿದರೆ ಅಜ್ಜಿ ಕಣ್ಣು ಮುಚ್ಚಿ ಕೂತಿದ್ದಳು. ಬೆಳ್ಳುಳ್ಳಿ ನೆಲದ ಮೇಲೆಲ್ಲ ಚೆಲ್ಲಿತ್ತು. “ಸದ್ಯ,” ಎಂದಳು. “ಸದ್ಯ, ಚೆನ್ನಾಗಿದಾಳೆ.”

“ಯಾರು?”

“ಇನ್ಯಾರು? ನನ್ನ ಮಗಳು.”

ಮೀಟರಪ್ಪನ ತಂಗಿ ದೂರದೂರಿನ ಆಸ್ಪತ್ರೆಯಲ್ಲಿ ನರ್ಸು. ಮೂರು ವರ್ಷದ ಕೆಳಗೆ ತಂದೆ ಹಾಸಿಗೆ ಹಿಡಿದಾಗ ಅವಳು ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದಳು. ದೊಡ್ಡ ಆಸ್ಪತ್ರೆಗೆ ಸೇರಿಸು, ಇಲ್ಲೇ ಇಟ್ಟುಕೊಳ್ಳಬೇಡ ಎಂದು ಅಣ್ಣನಿಗೆ ಹೇಳುತ್ತಿದ್ದಳು. ಹಗಲು ಮೀಟರು ಓದಿ, ರಾತ್ರಿ ತಂದೆಯ ಬಟ್ಟೆ ಬದಲಿಸುತ್ತಿದ್ದ ಅಣ್ಣನಿಗೆ ಅದು ಹುಕುಂ ಹೊರಡಿಸಿದ ಹಾಗೆ ಕೇಳುತ್ತಿತ್ತು. ತಂದೆ ಹೋದ ವಾರ ಅವಳು ಫೋನಿನಲ್ಲಿ, “ನಾನು ಅವತ್ತೇ ಹೇಳಿದ್ದೆ,” ಎಂದುಬಿಟ್ಟಳು. ಅವನು, “ಇನ್ಮೇಲೆ ಈ ಮನೆಗೆ ಫೋನ್ ಮಾಡಬೇಡ,” ಎಂದು ಫೋನು ಕುಕ್ಕಿದ. ಇಷ್ಟು ಸೊಸೆಗೂ ಗೊತ್ತಿತ್ತು.

“ಫೋನ್ ಮಾಡಬೇಡ ಅಂದ, ಅವಳು ಮಾಡಿಲ್ಲ,” ಎಂದಳು ಅಜ್ಜಿ. “ಬರೀ ರಿಂಗು ಕೊಡ್ತಾಳೆ. ಡ್ಯೂಟಿ ಮುಗಿದ ತಕ್ಷಣ ಒಂದು ರಿಂಗು. ನಾನು ಚೆನ್ನಾಗಿದೀನಿ ಅಂತ. ಮೊದಲನೇ ದಿನ ನಾನು ಎತ್ತಿದಾಗ, ಇನ್ನು ಎತ್ತಬೇಡಮ್ಮ, ಎತ್ತಿದ್ರೆ ಫೋನ್ ಮಾಡಿದ ಹಾಗಾಗುತ್ತೆ ಅಂತ ಆಣೆ ಹಾಕಿಸಿದಾಳೆ.”

“ಮೂರು ವರ್ಷದಿಂದ?”

“ನೀವೆಲ್ಲ ಕೆಲಸಕ್ಕೆ, ಕಾಲೇಜಿಗೆ ಹೋಗಿರ್ತಿದ್ರಿ. ಯಾರಿಗೆ ಗೊತ್ತಾಗಬೇಕು?”

“ನೀವಾದ್ರೂ ಮಾಡಬಹುದಿತ್ತಲ್ಲ ಅತ್ತೆ?”

“ಚೆನ್ನಾಗಿ ಹೇಳ್ದೆ. ದೂರದ ನಂಬರು ಬಿಲ್ಲಲ್ಲಿ ಬರಲ್ವೇನೆ? ಊರೆಲ್ಲ ಮೀಟರು ಓದೋನು ಮನೆ ಬಿಲ್ಲು ಓದದೆ ಬಿಡ್ತಾನಾ?”

ಸೊಸೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡಕ್ಕೂ ತ್ರಾಣ ಇರಲಿಲ್ಲ. “ಆಹಾ, ಅಣ್ಣನ ಹಟಕ್ಕೆ ತಂಗಿ ಹಟ. ಒಂದೇ ಮರದ ಕೊಡಲಿ ಕಾವು ನೀವೆಲ್ಲ,” ಎಂದು ಬಗ್ಗಿ ಬೆಳ್ಳುಳ್ಳಿ ಆಯತೊಡಗಿದಳು. “ಈ ಇಂಟರ್‌ನೆಟ್ ಬಂದಾಗಿಂದ ಅವರಿಗೆ ಬರೀ ಎಂಗೇಜು ಸಿಕ್ಕಿರುತ್ತೆ.”

“ಅದಕ್ಕೇ ತಾನೆ ಎತ್ತಿ ಇಡ್ತಿದ್ದೆ. ಎತ್ತಿ ಇಟ್ಟರೆ ಸ್ವಲ್ಪ ಹೊತ್ತಿಗೆ ರಿಂಗು ಬರ್ತಿತ್ತು. ತಂತಿ ಕತ್ತರಿಸಿದ ಮೇಲೆ ಇವತ್ತೇ ಕೇಳಿದ್ದು.” ಅಜ್ಜಿ ಸೊಸೆಯ ಕೈ ಹಿಡಿದಳು. “ಅವನಿಗೆ ಹೇಳಬೇಡ ಕಣೇ. ಇದೂ ಬೇಡ ಅಂದುಬಿಟ್ಟರೆ?”

ಆ ದಿನದಿಂದ ಸೊಸೆ ಬೆಳಿಗ್ಗೆ ಇನ್ನೂ ಬೇಗ ಎದ್ದು, ಬುತ್ತಿ ಮುಂಚೆಯೇ ಕಟ್ಟಿಟ್ಟು ಟೈಪಿಗೆ ಕೂತಳು. ಮೂರೂವರೆಯೊಳಗೆ ಪುಟ ಕಳಿಸಿ ತಂತಿ ಖಾಲಿ ಮಾಡುವಳು. ನಾಲ್ಕಕ್ಕೆ ಅತ್ತೆ ಸೊಸೆ ಇಬ್ಬರೂ ಟೀ ಹಿಡಿದು ಕೂರುವರು. ಒಂದು ರಿಂಗು. ಇಬ್ಬರೂ ಲೋಟ ಕೆಳಗಿಡುವರು. ಇದರಿಂದ ಅವಳ ನಿದ್ದೆ ಇನ್ನಷ್ಟು ಕಮ್ಮಿಯಾಯಿತು. ಪುಟ್ಟಿ, “ಅಮ್ಮಾ, ನೀನು ನಿಂತಲ್ಲೇ ನಿದ್ದೆ ಮಾಡ್ತಿದೀಯ, ಹಾಲು ಉಕ್ಕಿತು,” ಎಂದು ದಿನಾ ಕೂಗುವಳು.

ತಿಂಗಳ ಕೊನೆಯ ದಿನ ಮಾಲೀಕ ಒಂದಿಡೀ ಗೈಡನ್ನು ಚಿತ್ರಗಳ ಸಮೇತ ಕೇಳಿದ. ಅಂದು ಸಂಜೆಯೊಳಗೆ ಬಂದರೆ ಕೆಲಸ ಗಟ್ಟಿ, ತಾನೇ ಫೋನ್ ಮಾಡಿ ತಿಳಿಸುವೆ ಎಂದಿದ್ದ. ಮೂರಕ್ಕೇ ಕಳಿಸಲು ಶುರುಮಾಡಿದರೂ ನಾಲ್ಕಾದಾಗ ನೀಲಿ ಪಟ್ಟಿ ಇನ್ನೂ ಅರ್ಧದಲ್ಲಿತ್ತು. ಸೊಸೆ ಅಜ್ಜಿಯ ಕಡೆ ನೋಡಿದಳು. ಈಗ ನಿಲ್ಲಿಸಿದರೆ ಮೊದಲಿಂದ ಕಳಿಸಬೇಕು, ಅಷ್ಟು ಹೊತ್ತಿಲ್ಲ. ಆದರೂ ಅವಳಿಂದ ಬಾಯಿಬಿಟ್ಟು ಕೇಳಲಾಗಲಿಲ್ಲ.

“ಕಳಿಸು,” ಎಂದಳು ಅಜ್ಜಿ. “ಒಂದಿನ ತಾನೆ.”

ಬಟಾಣಿ ಸುಲಿಯುತ್ತಿದ್ದವಳು ಬುಟ್ಟಿ ಬದಿಗಿಟ್ಟು ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂತಳು. ಮೀಟರಪ್ಪನಿಗೆ ಅಂದು ರಜೆ. ಮಾಲೀಕನ ಫೋನಿಗೆಂದು ಸ್ಟೂಲು ಎಳೆದುಕೊಂಡು ಫೋನಿನ ಪಕ್ಕದಲ್ಲೇ ಠಿಕಾಣಿ ಹೂಡಿದ್ದ.

“ಏನಮ್ಮಾ, ಚಳಿಯಾ?” ಎಂದು ಕೇಳಿದ.

“ಹೂಂ,” ಎಂದಳು ಅಜ್ಜಿ.

ಐದಾಗುತ್ತಾ ಬಂದಾಗ ಪಟ್ಟಿ ತುಂಬಿತು. “ಹೋಯ್ತು!” ಎಂದು ಸೊಸೆ ಸಂಪರ್ಕ ಬಿಡಿಸಿದಳು. ಬಿಡಿಸಿ ಕೈ ತೆಗೆಯುವಷ್ಟರಲ್ಲಿ ಫೋನು ಬಡಿದುಕೊಂಡಿತು. ಅಜ್ಜಿ, “ಎತ್ತಬೇಡ್ವೋ!” ಎಂದು ಏಳುವಷ್ಟರಲ್ಲಿ ಮೀಟರಪ್ಪ ಎತ್ತಿಯಾಗಿತ್ತು.

“ಹಲೋ, ನಮಸ್ಕಾರ ಸಾರ್. ಎಲ್ಲಾ ಪುಟ ಬಂತಾ?”

ಆ ಕಡೆ ಮಾತಿಲ್ಲ.

“ಹಲೋ? ಸಾರ್?”

“ಅಮ್ಮಂಗೆ ಏನಾಯ್ತು?”

ಆ ದನಿ ಎಷ್ಟು ಜೋರಾಗಿತ್ತೆಂದರೆ ಕೋಣೆಯಲ್ಲಿದ್ದವರಿಗೆಲ್ಲ ಕೇಳಿತು. ಮೀಟರಪ್ಪ ಸ್ಟೂಲಿನಿಂದ ಎದ್ದು ನಿಂತ.

“ಆಗ್ಲಿಂದ ಎಂಗೇಜು, ಎಂಗೇಜು. ಅಪ್ಪ ಹೋದ ದಿನವೂ ಹೀಗೇ ಎಂಗೇಜಿತ್ತು. ಡಾಕ್ಟರಿಗೆ ಮಾಡ್ತಿದ್ಯಾ? ಹೇಳೋ ಅಣ್ಣಾ, ಅಮ್ಮಂಗೆ ಏನಾಯ್ತು?”

ಸೊಸೆ ಕಂಪ್ಯೂಟರಿನ ಮುಂದೆ ಎದ್ದು ನಿಂತಿದ್ದಳು. ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಮೀಟರಪ್ಪ ಇಬ್ಬರನ್ನೂ ನೋಡಿದ, ಫೋನನ್ನು ನೋಡಿದ. ಈಗ ಕುಕ್ಕುತ್ತಾನೆ, ಆಯಿತು, ಎಲ್ಲ ಮುಗಿಯಿತು ಎಂದುಕೊಂಡಳು ಸೊಸೆ.

“ಏನೂ ಆಗಿಲ್ಲ,” ಎಂದ ಅವನು. ಗಂಟಲು ಸರಿಮಾಡಿಕೊಂಡ. “ಇಲ್ಲೇ ಬಟಾಣಿ ಸುಲೀತಿದಾಳೆ.”

ಆ ಕಡೆಯಿಂದ ಬಿಕ್ಕಿದ ಸದ್ದು ಬಂತು.

“ಅದು ಕಂಪ್ಯೂಟರು,” ಎಂದ. “ನಿನ್ನ ಅತ್ತಿಗೆ ಕೆಲಸದ್ದು. ಫೋನಿನ ತಂತೀಲೇ ಹೋಗುತ್ತೆ. ಅದು ಹೋಗ್ತಿರೋವಾಗ ಇದು ಬರಲ್ಲ. ಮೋಡೆಮ್ ಅಂತ ಒಂದು ಹಲಗೆ ಇದೆ. ಮೊದಲೊಂದು ಹಾಕಿದ್ದ, ಸರಿಹೋಗ್ಲಿಲ್ಲ, ಬದಲಾಯಿಸಿದ. ನಂಬರು ತಾನೇ ಒತ್ತುತ್ತೆ. ಒತ್ತಿದಾಗ ಒಂದು ಸದ್ದು ಬರುತ್ತೆ, ಪುಟ್ಟಿ ಅದನ್ನ ಬೆಕ್ಕುಗಳ ಜಗಳ ಅಂತಾಳೆ…”

ಮೂರು ವರ್ಷದ ಮೇಲೆ ಸಿಕ್ಕ ತಂಗಿಗೆ ಅವನು ಪೆಟ್ಟಿಗೆಯೊಳಗಿನ ಧೂಳು, ಜಿರಳೆ, ಕಂಬ ಹತ್ತಿದ ಲೈನ್‌ಮನ್ ಎಲ್ಲವನ್ನೂ ಹೇಳಿದ. ಬೇರೇನು ಹೇಳಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಆ ಕಡೆಯಿಂದ “ಹೂಂ,” “ಹೂಂ” ಎನ್ನುವುದು ಕೇಳುತ್ತಿತ್ತು. ಹೇಳುವುದೆಲ್ಲ ಮುಗಿದಾಗ ಅವನು ಗೋಡೆಯ ಕಡೆ ತಿರುಗಿ ನಿಂತ.

“ನಾಲ್ಕಕ್ಕೆ ಸಿಗೋದು ಕಷ್ಟ. ಐದರ ಮೇಲೆ ಲೈನು ಖಾಲಿ ಇರುತ್ತೆ,” ಎಂದ. “ಐದರ ಮೇಲೆ ಮಾಡು.”

ಫೋನಿಟ್ಟು, ಯಾರ ಮುಖವನ್ನೂ ನೋಡದೆ ಬಚ್ಚಲುಮನೆಗೆ ಹೋಗಿ ನಲ್ಲಿ ತಿರುಗಿಸಿದ. ನೀರು ಎಷ್ಟೋ ಹೊತ್ತು ಸುರಿಯುತ್ತಲೇ ಇತ್ತು. ನೀರು ಪೋಲಾದರೆ ಮನೆಯವರ ತಲೆ ತಿನ್ನುತ್ತಿದ್ದವನು ಅವನೇ.

“ನೋಡಿದ್ಯಾ, ನನ್ನ ಕೈಗೊಂದ್ಸಲ ಕೊಡಲಿಲ್ಲ, ಮಹಾರಾಯ!” ಎಂದಳು ಅಜ್ಜಿ. ಆಮೇಲೆ ದನಿ ಇಳಿಸಿ ಕೇಳಿದಳು, “ಕೊನೆಗೇನಂದ? ರಿಂಗು ಕೊಡು ಅಂದ್ನಾ?”

“ಇಲ್ಲ ಅತ್ತೆ. ಮಾಡು ಅಂದ್ರು.”

“ಮಾಡು ಅಂತಲೇ ಅಂದ್ನಾ? ಸರಿಯಾಗಿ ಕೇಳಿಸ್ಕೊಂಡ್ಯಾ?”

“ಐದರ ಮೇಲೆ ಮಾಡು ಅಂದ್ರು.”

ಮತ್ತೆ ಫೋನು ಬಂತು. ಈ ಸಲ ಮಾಲೀಕ. ಪುಟ ಬಂದಿದೆ, ನಾಳೆಯಿಂದ ಇನ್ನೊಂದು ಗೈಡು ಶುರುಮಾಡಿ ಎಂದವನು, “ಆದ್ರೂ ನಿಮ್ಮನೆ ಫೋನು ಯಾವಾಗ ನೋಡಿದ್ರೂ ಎಂಗೇಜಪ್ಪ,” ಎಂದು ಗೊಣಗಿದ. ಸೊಸೆ ಫೋನಿಟ್ಟು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದವಳು ಹಾಗೇ ನಿದ್ದೆಹೋದಳು. ಅಂದಿನ ಅಡುಗೆ ಪುಟ್ಟಿಯದು. ಆಲೂಗಡ್ಡೆ ಸೀದಿತ್ತು, ಯಾರೂ ಏನೂ ಅನ್ನಲಿಲ್ಲ. ಊಟವಾದ ಮೇಲೆ ಮೀಟರಪ್ಪ ಇಕ್ಕಳ ಹಿಡಿದು ಹಿಂದಿನ ಕೋಣೆಗೆ ಹೋಗಿ ಕತ್ತರಿಸಿದ್ದ ತಂತಿಯ ತುದಿಗಳನ್ನು ಹೊಸೆದು ಜೋಡಿಸಿದ.

“ಐದಕ್ಕೆ ಮುಂಚೆ ಇದರ ಗಂಟಲು ನೋಡೋಕೆ ಹೋದ್ರೆ ನೋಡು ಮತ್ತೆ,” ಎಂದು ತಾಯಿಗೆ ಹೇಳಿದ.

ಮರುದಿನ ಸಂಜೆ ಅಜ್ಜಿ ನಾಲ್ಕಕ್ಕೇ ತಲೆ ಬಾಚಿಕೊಂಡು ತನ್ನ ಮಂಚದ ಮೇಲೆ ಫೋನಿನ ಪಕ್ಕ ಕೂತಳು. ಸೊಸೆ ಟೀ ತಂದಿಟ್ಟು ಬಾಗಿಲಲ್ಲಿ ನಿಂತಳು. ಐದು ದಾಟಿದ ಮೇಲೆ ಫೋನು ಬಡಿಯಿತು. ಅಜ್ಜಿ ಎಂದಿನ ಹಾಗೆ ಕಣ್ಣು ಮುಚ್ಚಿದಳು. ಒಂದು. ಅದು ನಿಲ್ಲಲಿಲ್ಲ. ಅವಳು ಗಾಬರಿಯಾಗಿ ಕಣ್ಣು ತೆರೆದಳು. ಇನ್ನೊಂದು, ಮತ್ತೊಂದು, ನಿಲ್ಲುವ ಲಕ್ಷಣವೇ ಇಲ್ಲ.

“ನಿಲ್ತಾ ಇಲ್ಲವಲ್ಲೇ,” ಎಂದಳು.

“ಅದು ರಿಂಗಲ್ಲ ಅತ್ತೆ,” ಎಂದಳು ಸೊಸೆ. “ಫೋನ್ ಮಾಡಿದಾರೆ. ಎತ್ತಿ.”